ನಾರ್ಮಂಡಿ 1944: ಜೂನ್ 6 ಸಿಕ್ಕಿದ್ದು ಅದೃಷ್ಟವೋ, ಲೆಕ್ಕವೋ?

ಹಳೇನಕ್ಷೆ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಶುರುವಾದ ವಾದವೊಂದು ಎರಡು ವಾರವಾದರೂ ಮುಗಿದಿಲ್ಲ, ಅದಕ್ಕೆ ಇಲ್ಲಿ ತಂದಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಇಂಗ್ಲೆಂಡಿನಿಂದ ಕಡಲು ದಾಟಿ, ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ತೀರಕ್ಕೆ ನುಗ್ಗಿದ ನಾರ್ಮಂಡಿ ದಾಳಿ ಗೆದ್ದಿದ್ದು ಬರೀ ಅದೃಷ್ಟದಿಂದ ಅಂತ ನಮ್ಮ ಭಾವ ಹೇಳುತ್ತಾರೆ. ಬಿರುಗಾಳಿ ನಡುವೆ ಒಂದು ದಿನ ಬಿಡುವು ಸಿಕ್ಕಿತು, ತೀರ ಕಾಯುತ್ತಿದ್ದ ಜರ್ಮನ್ ಸೇನಾಪತಿ ರೊಮೆಲ್ ಅಲ್ಲಿರಲಿಲ್ಲ, ಹಿಟ್ಲರ್ ಮಲಗಿದ್ದ, ಇವರು ನುಗ್ಗಿದರು, ಅಷ್ಟೇ ಕಥೆ ಅನ್ನುತ್ತಾರೆ. ನನಗೆ ಒಪ್ಪಲು ಆಗುತ್ತಿಲ್ಲ. ಹತ್ತಿರ ಹತ್ತಿರ 7,000 ಹಡಗು, ದೋಣಿಗಳಲ್ಲಿ 1,56,000 ಜನರನ್ನು ಒಂದೇ ದಿನ ಕಡಲು ದಾಟಿಸುವ ಕೆಲಸವನ್ನು ಯಾರಾದರೂ ಅದೃಷ್ಟ ನಂಬಿ ಮಾಡುತ್ತಾರಾ?

ನಿಜವಾಗಿ ಜೂನ್ 6 ಯಾಕೆ? ಮೇ ಯಾಕಲ್ಲ, ಜೂನ್ 10 ಯಾಕಲ್ಲ? ಓದಿಕೊಂಡವರು ದಯವಿಟ್ಟು ಬರೆಯಿರಿ.

ಕೆಂಪುಹಂಚು
ನಿಮ್ಮ ಭಾವ ಪೂರ್ತಿ ತಪ್ಪಿಲ್ಲ. ರೊಮೆಲ್ ವಿಷಯ ನಿಜ, ಜೂನ್ 6 ಅವನ ಹೆಂಡತಿ ಲೂಸಿಯ ಹುಟ್ಟುಹಬ್ಬ, ಅವನು ಜರ್ಮನಿಯ ಮನೆಯಲ್ಲಿದ್ದ. ಹಿಟ್ಲರ್ ಮಲಗಿದ್ದನ್ನು ಎಬ್ಬಿಸಲಿಲ್ಲ ಅನ್ನುವುದೂ ನಿಜ. ಮೀಸಲು ಟ್ಯಾಂಕ್ ಪಡೆಗಳನ್ನು ಕದಲಿಸಲು ಅವನ ಅಪ್ಪಣೆ ಬೇಕಿತ್ತು, ಅದು ಸಿಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಇದನ್ನೆಲ್ಲ ಲೆಕ್ಕ ಅಂತ ಹೇಗೆ ಕರೆಯುತ್ತೀರಿ?

ಓದುಗ77
ಸಣ್ಣ ತಿದ್ದುಪಡಿ. 1,56,000 ಜನರೂ ಹಡಗಿನಲ್ಲಿ ಬಂದವರಲ್ಲ. ಅದರಲ್ಲಿ 23,000ಕ್ಕೂ ಜಾಸ್ತಿ ಜನ ಪ್ಯಾರಾಚೂಟ್, ಗ್ಲೈಡರ್‌ಗಳಲ್ಲಿ ಬಂದವರು, ಹೆಚ್ಚಿನವರು ನಡುರಾತ್ರಿಯೇ ಇಳಿದಿದ್ದರು.

ಅಳಿವೆಬಾಗಿಲು
ಕಡಲಿನ ಕಡೆಯಿಂದ ನಾನು ಹೇಳುತ್ತೇನೆ. ನಮ್ಮದು ಕುಂದಾಪುರ ಕಡೆ, ಅಪ್ಪ ಮೀನುಗಾರಿಕೆಯಲ್ಲೇ ಬದುಕಿದವರು. ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಒಳಗೆ ಬರಬೇಕಾದರೆ ಬೋಟಿನವರು ಭರತ (ಉಬ್ಬರ) ಏರಲಿ ಅಂತ ಹೊರಗೇ ಕಾಯುತ್ತಾರೆ. ನೀರು ಕಮ್ಮಿ ಇರುವಾಗ ನುಗ್ಗಿದರೆ ಮರಳಿನ ದಿಬ್ಬಕ್ಕೆ ಹೊಡೆಯುತ್ತದೆ. ನಮ್ಮಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು, ಅಷ್ಟಕ್ಕೇ ಇಷ್ಟು ಎಚ್ಚರ. ನಾರ್ಮಂಡಿಯಲ್ಲಿ ಅದು ಆರು ಮೀಟರ್! ಎರಡು ಅಂತಸ್ತಿನ ಮನೆಯಷ್ಟು. ನೀರು ಇಳಿದಾಗ, ದಾಳಿ ನಡೆದ ಐದು ತೀರಗಳಲ್ಲೊಂದಾದ ಒಮಾಹಾದಲ್ಲಿ ಮುನ್ನೂರು ಮೀಟರ್‌ನಷ್ಟು ಮರಳು ಬಯಲಾಗಿ ಬೀಳುತ್ತದೆ.

ಈಗ ರೊಮೆಲ್ ಏನು ಮಾಡಿದ್ದ ನೋಡಿ. ದಾಳಿಯವರು ಭರತದಲ್ಲೇ ಬರುತ್ತಾರೆ ಅಂತ ಅವನ ಎಣಿಕೆ. ಆಗ ಸೈನಿಕರು ಬಯಲಲ್ಲಿ ಓಡಬೇಕಾದ ದೂರ ಕಮ್ಮಿ ಅಲ್ವಾ. ಅದಕ್ಕೆ ನೀರು ತುಂಬಿದಾಗ ಮುಳುಗುವ ಹಾಗೆ ಮರದ ಗೂಟ, ಉಕ್ಕಿನ ಮುಳ್ಳುಗಂಬ ನೆಟ್ಟು ತುದಿಗೆ ಸಿಡಿಗುಂಡು ಕಟ್ಟಿಸಿದ್ದ. ಮೇಲಿನಿಂದ ಬರುವ ದೋಣಿಗೆ ಕಾಣುವುದೇ ಇಲ್ಲ. ಹಾಗಾಗಿ ಇವರು ನೀರು ಇಳಿದಿರುವಾಗಲೇ ಬರಬೇಕಾಯಿತು, ಗೂಟ ಕಣ್ಣಿಗೆ ಕಾಣಬೇಕು, ಸಿಡಿಸಿ ದಾರಿ ಮಾಡಬೇಕು. ಆದರೆ ಇಳಿಯುತ್ತಿರುವ ನೀರು ಆಗುವುದಿಲ್ಲ! ಇಳಿಯುವ ನೀರಲ್ಲಿ ದೋಣಿ ಮರಳಿಗೆ ಕೂತರೆ ಮತ್ತೆ ಆರೇಳು ಗಂಟೆ ಅಲ್ಲೇ. ಏರುತ್ತಿರುವ ನೀರೇ ಬೇಕು, ಆಗ ಜನರನ್ನು ಇಳಿಸಿದ ದೋಣಿ ತಾನೇ ತೇಲಿ ಹಿಂದೆ ಹೋಗುತ್ತದೆ.

ಇನ್ನೂ ಇದೆ. ಬೆಳಗಾಗಿ ಸ್ವಲ್ಪ ಹೊತ್ತು ಆಗಿರಬೇಕು, ಯುದ್ಧನೌಕೆಗಳಿಗೆ ಗುರಿ ಕಾಣಲಿ ಅಂತ. ಹಿಂದಿನ ರಾತ್ರಿ ಬೆಳದಿಂಗಳು ಇರಬೇಕು, ಪ್ಯಾರಾಚೂಟಿನವರಿಗೆ ನೆಲ ಕಾಣಲಿ ಅಂತ. ಬೆಳದಿಂಗಳು, ಬೆಳಗಿನ ಜಾವದ ಇಳಿತ, ಎರಡೂ ಸೇರುವುದು ಹುಣ್ಣಿಮೆ ಆಸುಪಾಸು ಮೂರೇ ದಿನ. ಜೂನ್‌ನಲ್ಲಿ 5, 6, 7. ತಾರೀಕು ಗೊತ್ತುಮಾಡಿದ್ದೇ ಕಡಲು ಮಾರಾಯ್ರೆ.

ಬಿಳಿಜೋಳ
ಅಮೆರಿಕದವರು 6:30ಕ್ಕೆ, ಬ್ರಿಟಿಷರು 7:25ಕ್ಕೆ ಇಳಿದರು ಅಂತ ಓದಿದ್ದೆ. ಯಾಕೆ ಅಂತ ಗೊತ್ತಿರಲಿಲ್ಲ. ಇದೇ ಕಾರಣವಾ?

ಅಳಿವೆಬಾಗಿಲು
ಅದೇ. ಅಲ್ಲಿ ಭರತ ಪಶ್ಚಿಮದಿಂದ ಪೂರ್ವಕ್ಕೆ ಏರುತ್ತಾ ಬರುತ್ತದೆ. ಅಮೆರಿಕದವರ ಯೂಟಾ, ಒಮಾಹಾ ತೀರಗಳು ಪಶ್ಚಿಮಕ್ಕೆ, ಬ್ರಿಟಿಷರು, ಕೆನಡಾದವರು ಇಳಿದ ಗೋಲ್ಡ್, ಜೂನೋ, ಸೋರ್ಡ್ ಪೂರ್ವಕ್ಕೆ. ಒಂದೇ ದಾಳಿಗೆ ಒಂದೊಂದು ತೀರಕ್ಕೆ ಒಂದೊಂದು ಗಳಿಗೆ.

ಸೇತುವೆಕೆಲಸ
ಈ ಗಳಿಗೆ ಲೆಕ್ಕ ಹಾಕಿದವರ ಬಗ್ಗೆ ಯಾರೂ ಹೇಳುವುದಿಲ್ಲ ಅನ್ನುವುದು ನನ್ನ ಹಳೇ ದೂರು. ಲಿವರ್‌ಪೂಲ್ ಹತ್ತಿರ ಬಿಡ್‌ಸ್ಟನ್ ಅಂತ ಇದೆ. ಅಲ್ಲಿ ಆರ್ಥರ್ ಡೂಡ್ಸನ್ ಅನ್ನುವವರು ಹಿತ್ತಾಳೆ ಚಕ್ರ, ಗಾಲಿಗಳ ಯಂತ್ರದಲ್ಲಿ ಉಬ್ಬರ ಇಳಿತ ಲೆಕ್ಕ ಮಾಡುತ್ತಿದ್ದರು. ಒಂದು ಗಾಲಿ ಚಂದ್ರನ ಸೆಳೆತಕ್ಕೆ, ಇನ್ನೊಂದು ಸೂರ್ಯನ ಸೆಳೆತಕ್ಕೆ, ಹೀಗೆ ಹತ್ತಾರು. ಎಲ್ಲದರ ಮೇಲೆ ಒಂದೇ ತಂತಿ ಹಾದುಹೋಗುತ್ತದೆ. ಹಿಡಿ ತಿರುಗಿಸಿದರೆ ಎಲ್ಲ ಗಾಲಿಗಳ ಏರಿಳಿತ ಕೂಡಿ ತಂತಿಯ ತುದಿಯಲ್ಲಿರುವ ಪೆನ್ನು ಕಾಗದದ ಮೇಲೆ ಅಲೆ ಬರೆಯುತ್ತದೆ. ಡೂಡ್ಸನ್‌ಗೆ ಜಾಗದ ಹೆಸರನ್ನೇ ಹೇಳಿರಲಿಲ್ಲ. 'ಝೆಡ್' ಅಂತ ಮಾತ್ರ ಬರೆದು ಅಂಕಿಗಳನ್ನು ಕೊಟ್ಟಿದ್ದರು.

ನಮಗೆ ಹತ್ತಿರದ ವಿಷಯ ಇನ್ನೊಂದು. ಇಂಥ ಯಂತ್ರಗಳಲ್ಲಿ ಮೊದಮೊದಲಿನದೊಂದನ್ನು 1870ರ ದಶಕದ ಕೊನೆಗೆ ಲಂಡನ್ನಿನಲ್ಲಿ ಮಾಡಿಸಿದ್ದೇ ಭಾರತದ ಬಂದರುಗಳಿಗಾಗಿ. ನಮ್ಮ ಕಾರವಾರವೂ ಆ ಪಟ್ಟಿಯಲ್ಲಿತ್ತು. ಅದನ್ನು ರೂಪಿಸಿದ ಎಡ್ವರ್ಡ್ ರಾಬರ್ಟ್ಸ್ ಮುಂದೆ ಮಾಡಿಸಿದ ಇನ್ನೊಂದು ಯಂತ್ರ ನಾರ್ಮಂಡಿ ಲೆಕ್ಕಕ್ಕೆ ಬಳಕೆಯಾಯಿತು.

ಹಳೇನಕ್ಷೆ
ಕಾರವಾರದ ಹೆಸರು ಇಲ್ಲಿ ಬರುತ್ತದೆ ಅಂತ ಅಂದುಕೊಂಡಿರಲೇ ಇಲ್ಲ. ರೋಮಾಂಚನ ಆಯಿತು ಸರ್.

ಕೆಂಪುಹಂಚು
ಸರಿ, ಉಬ್ಬರ ಇಳಿತ ಲೆಕ್ಕ, ಒಪ್ಪಿದೆ. ಹವಾಮಾನ? ಜೂನ್ 5 ಅಂತ ಗೊತ್ತುಮಾಡಿ, ಹಡಗುಗಳು ಹೊರಟ ಮೇಲೆ ವಾಪಸ್ ಕರೆಸಿದರು. ಆಮೇಲೆ ಬಿಡುವು ಸಿಕ್ಕಿತು. ಅದು ಅದೃಷ್ಟ ಅಲ್ವಾ?

ಮಳೆನಕ್ಷತ್ರ
ಬಿಡುವು ಬಂದಿದ್ದು ಅದೃಷ್ಟ ಇರಬಹುದು. ಬಿಡುವು ಬರುತ್ತಿದೆ ಅಂತ ಗೊತ್ತಾಗಿದ್ದು ಅದೃಷ್ಟ ಅಲ್ಲ. ಎರಡೂ ಬೇರೆ.

ಐರ್ಲೆಂಡಿನ ಪಶ್ಚಿಮ ತುದಿಯಲ್ಲಿ ಬ್ಲ್ಯಾಕ್‌ಸಾಡ್ ಅಂತ ಊರು. ಅಲ್ಲಿಯ ಅಂಚೆ ಕಚೇರಿಯಲ್ಲಿ ಮೌರೀನ್ ಫ್ಲಾವಿನ್ ಅನ್ನುವ ಹುಡುಗಿ ಕೆಲಸಕ್ಕಿದ್ದಳು. ಗಂಟೆಗೊಮ್ಮೆ ಗಾಳಿಯ ಒತ್ತಡ ಓದಿ ಕಳಿಸುವುದೂ ಅವಳ ಕೆಲಸದಲ್ಲಿ ಸೇರಿತ್ತು. ಐರ್ಲೆಂಡ್ ಯುದ್ಧದಲ್ಲಿ ಯಾರ ಕಡೆಗೂ ಸೇರಿರಲಿಲ್ಲ, ಆದರೂ ಹವಾಮಾನದ ಅಂಕಿಗಳನ್ನು ಬ್ರಿಟನ್ನಿಗೆ ಕೊಡುತ್ತಿತ್ತು. ಜೂನ್ 3, ಅವಳ 21ನೇ ಹುಟ್ಟುಹಬ್ಬ. ಒತ್ತಡ ಸರ್ರನೆ ಕುಸಿಯುತ್ತಿರುವುದನ್ನು ನೋಡಿ ಕಳಿಸಿದಳು. ಆ ಕಡೆಯಿಂದ ಫೋನ್ ಬಂತು, ಇನ್ನೊಮ್ಮೆ ಓದಿ ಹೇಳಿ ಅಂತ. ಮತ್ತೆ ಓದಿದಳು, ಅದೇ ಅಂಕಿ. ಇಂಥ ವರದಿಗಳನ್ನು ಇಟ್ಟುಕೊಂಡೇ ಹವಾಮಾನ ಮುಖ್ಯಸ್ಥ ಜೇಮ್ಸ್ ಸ್ಟಾಗ್ ಜೂನ್ 5 ಬೇಡ ಅಂದರು. ಜೂನ್ 4ರ ರಾತ್ರಿ ಹೊರಗೆ ಮಳೆ ಹೊಡೆಯುತ್ತಿರುವಾಗಲೇ, 6ಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ ಅಂದವರೂ ಅವರೇ. ದಾಳಿಯ ಸರ್ವೋಚ್ಚ ಸೇನಾಪತಿ ಐಸೆನ್‌ಹೋವರ್ ಆ ಮಾತು ನಂಬಿದರು. ಯಾಕೆ ಅಳತೆ ತೆಗೆಸುತ್ತಿದ್ದಾರೆ ಅಂತ ಮೌರೀನ್‌ಗೆ ಆಗ ಗೊತ್ತೇ ಇರಲಿಲ್ಲ. ನೂರು ವರ್ಷ ಬದುಕಿ 2023ರಲ್ಲಿ ತೀರಿಕೊಂಡರು.

ಜರ್ಮನ್ನರ ಹತ್ತಿರವೂ ಒಳ್ಳೆಯ ಹವಾಮಾನ ತಜ್ಞರಿದ್ದರು. ಆದರೆ ಮೋಡ ಬರುವುದು ಅಟ್ಲಾಂಟಿಕ್ ಕಡೆಯಿಂದ, ಅಲ್ಲಿ ಅವರಿಗೆ ಕಣ್ಣಿರಲಿಲ್ಲ. ರೊಮೆಲ್ ಧೈರ್ಯವಾಗಿ ಊರಿಗೆ ಹೋಗಿದ್ದೂ ಅದಕ್ಕೇ.

ಓದುಗ77
ಇದಕ್ಕೆ ಸೇರಿಸಲೇಬೇಕಾದ ಮಾತು. 6 ತಪ್ಪಿದ್ದರೆ ಮುಂದಿನ ಇಳಿತ ಹೊಂದುತ್ತಿದ್ದದ್ದು ಜೂನ್ 19ರ ಸುಮಾರಿಗೆ, ಅದೂ ಅಮಾವಾಸ್ಯೆ, ಬೆಳದಿಂಗಳಿಲ್ಲ. ಆ 19ರಿಂದ 22ರ ತನಕ ಇಂಗ್ಲಿಷ್ ಕಾಲುವೆಯಲ್ಲಿ ಎದ್ದ ಬಿರುಗಾಳಿಗೆ 800ರಷ್ಟು ದೋಣಿ, ಹಡಗುಗಳು ದಡಕ್ಕೆ ಬಿದ್ದವು. ಅವತ್ತು ಹೊರಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಬಿಳಿಜೋಳ
ಬಂದರು ಇರುವ ಊರನ್ನೇ ಹಿಡಿಯಬಹುದಿತ್ತಲ್ಲ? ಮರಳಿನ ಮೇಲೆ ಇಳಿಯುವ ಪಾಡು ಯಾಕೆ?

ಸೇತುವೆಕೆಲಸ
ಅದನ್ನೇ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದರು. 1942ರ ಆಗಸ್ಟ್ 19, ಫ್ರಾನ್ಸಿನ ಬಂದರು ಡಿಯೆಪ್. ಹೋದವರಲ್ಲಿ ಸುಮಾರು 5,000 ಜನ ಕೆನಡಾದವರು. 900ಕ್ಕೂ ಹೆಚ್ಚು ಜನ ಸತ್ತರು, ಎರಡು ಸಾವಿರದ ಹತ್ತಿರ ಜನ ಸೆರೆಯಾದರು. ಟ್ಯಾಂಕುಗಳು ಬೆಣಚುಕಲ್ಲಿನ ತೀರದಲ್ಲಿ ಸಿಕ್ಕಿಹಾಕಿಕೊಂಡವು.

ಆಮೇಲೆ ಮರಳನ್ನೇ ಪರೀಕ್ಷೆ ಮಾಡಲು ಶುರುಮಾಡಿದರು. 1943ರ ಡಿಸೆಂಬರ್ 31ರ ರಾತ್ರಿ ಸ್ಕಾಟ್-ಬೌಡನ್, ಆಗ್ಡನ್-ಸ್ಮಿತ್ ಅನ್ನುವ ಇಬ್ಬರು ಚಳಿಗಾಲದ ಕಡಲಲ್ಲಿ ಈಜಿ ಜರ್ಮನ್ನರ ಕಾವಲಿದ್ದ ತೀರಕ್ಕೆ ಹೋದರು. ಮೇಲೆ ದೀಪಸ್ತಂಭದ ಬೆಳಕು ಸುತ್ತುತ್ತಿದೆ, ಇವರು ಮರಳಿನ ಮೇಲೆ ಬೋರಲು ಮಲಗಿ ಕೊರೆಯುವ ಸಲಾಕೆ ಚುಚ್ಚಿ ಮಣ್ಣು ತೆಗೆದು ಕೊಳವೆಗಳಲ್ಲಿ ತುಂಬಿಕೊಳ್ಳುತ್ತಿದ್ದಾರೆ. ಕೆಲಸ ಮುಗಿಸಿ ಮತ್ತೆ ಈಜಿ ವಾಪಸ್. ಮರಳಿನ ಕೆಳಗೆ ಜೌಗು ಇದ್ದರೆ ಟ್ಯಾಂಕು ಹೂತು ಹೋಗುತ್ತದೆ, ಅದನ್ನು ನೋಡಲು. ನಾನು ಮಣ್ಣು ಪರೀಕ್ಷೆ ಮಾಡಿಸುವ ಕೆಲಸದಲ್ಲೇ ಇದ್ದೇನೆ. ಒಮ್ಮೆ ಒಂದು ಕೆಲಸದಲ್ಲಿ ಗುತ್ತಿಗೆದಾರರು ಮಣ್ಣು ತೆಗೆಯದೇ ವರದಿ ಬರೆದುಕೊಟ್ಟಿದ್ದರು, ಪಾಯ ಮತ್ತೆ ಅಗೆಯಬೇಕಾಯಿತು. ಆಗೆಲ್ಲ ಈ ಇಬ್ಬರು ನೆನಪಾಗುತ್ತಾರೆ.

ಬಂದರಿನ ಪ್ರಶ್ನೆಗೆ ಉತ್ತರ: ಬಂದರು ಹಿಡಿಯಲು ಆಗದಿದ್ದರೆ ಬಂದರನ್ನೇ ಒಯ್ಯೋಣ ಅಂದರು. ಅದೇ ಮಲ್ಬರಿ. ಒಂದೊಂದು 6,000 ಟನ್‌ವರೆಗೆ ತೂಗುವ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳನ್ನು ಇಂಗ್ಲೆಂಡಿನಲ್ಲಿ ಕಟ್ಟಿ, ಟಗ್ ಹಡಗುಗಳಿಂದ ಎಳೆಸಿಕೊಂಡು ಹೋಗಿ, ಅಲ್ಲಿ ಮುಳುಗಿಸಿ ತಡೆಗೋಡೆ ಮಾಡಿದರು. ಒಳಗೆ ನೀರಿನ ಜೊತೆ ಏರಿ ಇಳಿಯುವ ತೇಲುವ ರಸ್ತೆ. ಜಗತ್ತಿನ ದೊಡ್ಡ ಎಂಜಿನಿಯರಿಂಗ್ ಕೆಲಸಗಳಲ್ಲಿ ಇದೂ ಒಂದು.

ಕೆಂಪುಹಂಚು
ಮಲ್ಬರಿಯನ್ನು ಜಾಸ್ತಿ ಹೊಗಳಬೇಡಿ ಸರ್. ಎರಡು ಮಾಡಿದ್ದರು. ಒಮಾಹಾದ್ದು ಮೇಲೆ ಓದುಗ77 ಹೇಳಿದ ಆ ಜೂನ್ 19ರ ಬಿರುಗಾಳಿಗೆ ಪುಡಿಯಾಯಿತು, ಅಮೆರಿಕದವರು ಅದನ್ನು ಬಿಟ್ಟೇಬಿಟ್ಟರು. ಆಮೇಲೆ ಬಾಯಿ ತೆರೆಯುವ ದೊಡ್ಡ ಹಡಗುಗಳನ್ನು ನೇರ ಮರಳಿನ ಮೇಲೆ ಕೂರಿಸಿ, ನೀರು ಇಳಿದಾಗ ಲಾರಿಗಳನ್ನು ಹೊರಗೆ ಓಡಿಸಿಕೊಂಡು, ನೀರು ಏರಿದಾಗ ಹಡಗು ತೇಲಿಸಿದರು. ಅಷ್ಟರಲ್ಲೇ ಬೇಕಾದಷ್ಟು ಸಾಮಾನು ಇಳಿಯಿತು. ಅಷ್ಟೊಂದು ಕಾಂಕ್ರೀಟ್, ಉಕ್ಕು, ಕೂಲಿ ಸುರಿದಿದ್ದು ಬೇಕಿತ್ತಾ ಅಂತ ಇತಿಹಾಸಕಾರರೇ ಜಗಳ ಆಡುತ್ತಾರೆ.

ಸೇತುವೆಕೆಲಸ
ಇನ್ನೊಂದು, ಅರೋಮಾಂಶ್ ತೀರದ್ದು, ನಿಂತಿತಲ್ಲ. ಹತ್ತು ತಿಂಗಳು ನಡೆಯಿತು. ಮರಳಿನ ಮೇಲೆ ಹಡಗು ಕೂರಿಸಬಹುದು ಅಂತ ಮೊದಲೇ ಯಾರಿಗೂ ಖಾತ್ರಿ ಇರಲಿಲ್ಲ, ಹಡಗಿನ ಬೆನ್ನು ಮುರಿಯುತ್ತದೆ ಅನ್ನುವ ಭಯ ಇತ್ತು. ಬಂದರು ಇದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಇವರು ಹೊರಡುತ್ತಲೇ ಇರಲಿಲ್ಲ. ಶೆರ್‌ಬೋರ್ಗ್ ಬಂದರು ಜೂನ್ ಕೊನೆಗೆ ಸಿಕ್ಕಿತು, ಆದರೆ ಜರ್ಮನ್ನರು ಅದನ್ನು ಹಾಳು ಮಾಡಿಟ್ಟಿದ್ದರು.

ಕೆಂಪುಹಂಚು
ಈ ಮಾತು ಒಪ್ಪುತ್ತೇನೆ.

ಹಲಸೂರುಕೆರೆ
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ಬೆಂಗಳೂರು ಟಾರ್ಪಿಡೊ ಬಗ್ಗೆ ಯಾರೂ ಬರೆದಿಲ್ಲವಲ್ಲ! ಒಮಾಹಾದಲ್ಲಿ ಮುಳ್ಳುತಂತಿ ಸಿಡಿಸಿ ದಾರಿ ಮಾಡಿದ್ದು ನಮ್ಮ ಊರಿನ ಹೆಸರಿನ ಆಯುಧ.

ಬಿಳಿಜೋಳ
ನಿಜವಾಗ್ಲೂ ಬೆಂಗಳೂರಿಂದ ಹೋಗಿತ್ತಾ?

ಹಲಸೂರುಕೆರೆ
ಹೋಗಿದ್ದು ಹೆಸರು ಮತ್ತು ಐಡಿಯಾ. ಒಮಾಹಾದಲ್ಲಿ ಬಳಸಿದ್ದು ಅಮೆರಿಕದಲ್ಲೇ ತಯಾರಾದದ್ದು. ಇದನ್ನು ಕಂಡುಹಿಡಿದಿದ್ದು ಭಾರತೀಯ ಸೈನಿಕ ಅಂತ ಕೆಲವರು ಹಂಚಿಕೊಳ್ಳುತ್ತಾರೆ, ಅದು ತಪ್ಪು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೇನಾ ಎಂಜಿನಿಯರ್ ಪಡೆಯಲ್ಲಿದ್ದ ಮೆಕ್ಲಿಂಟಾಕ್ ಅನ್ನುವ ಬ್ರಿಟಿಷ್ ಕ್ಯಾಪ್ಟನ್ ಮಾಡಿದ್ದು. ಈಗ ನಾವು ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅಂತ ಕರೆಯುವ, ಹಲಸೂರು ಕೆರೆ ಪಕ್ಕದ ಅದೇ ಪಡೆ.

ತುಂಬಾ ಸರಳ ವಸ್ತು. ಐದಡಿ ಉದ್ದದ ಕೊಳವೆ, ಒಳಗೆ ಸಿಡಿಮದ್ದು. ಒಂದರ ಹಿಂದೆ ಒಂದು ಜೋಡಿಸಿ ತಂತಿಯ ಅಡಿಯಲ್ಲಿ ಮುಂದಕ್ಕೆ ತಳ್ಳುತ್ತಾ ಹೋಗುವುದು. ತುದಿಗೆ ನುಣುಪಾದ ಮೂತಿ, ಎಲ್ಲೂ ಸಿಕ್ಕಿಕೊಳ್ಳಬಾರದು ಅಂತ. ತಳ್ಳುವವನು ತಲೆ ಎತ್ತದೆ ಮಲಗಿಕೊಂಡೇ ಕೆಲಸ ಮಾಡಬಹುದು. ಒಮಾಹಾದಲ್ಲಿ ಬೆಣಚುಕಲ್ಲಿನ ದಿಬ್ಬದ ಹಿಂದೆ ಜನ ಸಿಕ್ಕಿಬಿದ್ದಿದ್ದಾರೆ, ಮುಂದೆ ಮುಳ್ಳುತಂತಿ, ಮೇಲೆ ಗುಡ್ಡದಿಂದ ಮೆಷಿನ್ ಗನ್, ಹಿಂದಿನಿಂದ ನೀರು ಏರಿ ಬರುತ್ತಿದೆ. ಆ ತಂತಿಯಲ್ಲಿ ಕಂಡಿ ಬಿದ್ದ ಮೇಲೆ ಗುಡ್ಡ ಹತ್ತಲು ಶುರುಮಾಡಿದರು.

ಓದುಗ77
ಒಮಾಹಾದಲ್ಲಿ ಲೆಕ್ಕ ಎಷ್ಟು ಕೆಟ್ಟಿತು ಅನ್ನುವುದನ್ನೂ ಹೇಳಬೇಕು. ತೇಲುವ ಟ್ಯಾಂಕುಗಳು ಅಂತ ಇದ್ದವು, ಸುತ್ತ ಬಟ್ಟೆಯ ಗೋಡೆ ಎತ್ತಿ ತೇಲಿಸುವುದು. ಒಂದು ಪಡೆ 29 ಟ್ಯಾಂಕುಗಳನ್ನು ದೂರದಲ್ಲೇ ನೀರಿಗೆ ಬಿಟ್ಟಿತು. ಅಲೆ ಜೋರಿತ್ತು. 27 ಮುಳುಗಿದವು. ಪಕ್ಕದ ಪಡೆಯವರು ಅಲೆ ನೋಡಿ, ಬೇಡ ಅಂತ ನೇರ ದಡಕ್ಕೇ ಒಯ್ದು ಇಳಿಸಿದರು.

ಯೂಟಾದಲ್ಲಿ ಉಲ್ಟಾ. ನೀರಿನ ಸೆಳೆತಕ್ಕೆ ಸುಮಾರು ಎರಡು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಇಳಿದರು, ಅಲ್ಲಿ ಕಾವಲೇ ಕಮ್ಮಿ. ಕೋಲೂರಿಕೊಂಡು ಮೊದಲ ದೋಣಿಯಲ್ಲಿ ಬಂದಿದ್ದ 56 ವರ್ಷದ ಜನರಲ್ ಥಿಯೋಡೋರ್ ರೂಸ್‌ವೆಲ್ಟ್ ಜೂನಿಯರ್, ಇಲ್ಲಿಂದಲೇ ಮುಂದೆ ಹೋಗೋಣ ಅಂದರು. ಅಲ್ಲಿ ಅದೃಷ್ಟ ಇತ್ತು, ಭಾವನಿಗೆ ಒಂದು ಅಂಕ ಕೊಡಿ.

ಬಿಳಿಜೋಳ
ನಾರ್ಮಂಡಿಯಲ್ಲಿ ನಮ್ಮ ದೇಶದವರು ಇರಲಿಲ್ಲವಾ?

ಓದುಗ77
ಭಾರತೀಯ ಸೇನೆಯ ಡಿವಿಷನ್‌ಗಳು ಆಗ ಇಟಲಿಯಲ್ಲಿದ್ದವು, ಅಲ್ಲಿಯ ಕಸ್ಸೀನೋ ಯುದ್ಧದಲ್ಲಿ ಆಗಷ್ಟೇ ಬಹಳ ಜನರನ್ನು ಕಳೆದುಕೊಂಡಿದ್ದವು. ಅತ್ತ ಬರ್ಮಾ ಗಡಿಯಲ್ಲಿ ಕೊಹಿಮಾ, ಇಂಫಾಲ ನಡೆದಿತ್ತು. ಇನ್ನೊಂದು ಕಡೆ, ಸುಭಾಷ್ ಬೋಸ್ ಜರ್ಮನಿಯಲ್ಲಿ ಕಟ್ಟಿದ್ದ ಪಡೆ ಇದೇ ಫ್ರಾನ್ಸಿನ ಅಟ್ಲಾಂಟಿಕ್ ತೀರದಲ್ಲಿ, ಬೋರ್ಡೋ ಹತ್ತಿರದ ಲಕಾನೋದಲ್ಲಿ, ಕಾವಲಿಗಿತ್ತು. ರೊಮೆಲ್ ಬಂದು ನೋಡಿಕೊಂಡೂ ಹೋಗಿದ್ದ. ದಾಳಿ ಅಲ್ಲಿಗೆ ಬರಲಿಲ್ಲ. ಬಂದಿದ್ದರೆ ಆ ಹುಡುಗರ ಪಾಡು ಏನಾಗುತ್ತಿತ್ತೋ.

ಕೆಂಪುಹಂಚು
ನನ್ನ ದೊಡ್ಡ ತಕರಾರು ಬೇರೆ. ಈ ಒಂದು ದಿನಕ್ಕೆ ಇಷ್ಟು ಮಾತಾಡುತ್ತೇವೆ, ಎರಡೇ ವಾರ ಬಿಟ್ಟು ಜೂನ್ 22ಕ್ಕೆ ಸೋವಿಯತ್ ಸೇನೆ ಬೆಲಾರುಸ್‌ನಲ್ಲಿ ಶುರುಮಾಡಿದ ಬಗ್ರಾತಿಯೋನ್ ದಾಳಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ಜರ್ಮನ್ನರ ಒಂದು ಇಡೀ ಸೇನಾ ಗುಂಪೇ ಅಲ್ಲಿ ಮುರಿಯಿತು. ಜರ್ಮನ್ ಸೇನೆಯ ಬಹುಪಾಲು ಜನ ಸತ್ತಿದ್ದು ಪೂರ್ವದಲ್ಲಿ.

ಮಳೆನಕ್ಷತ್ರ
ಅದು ಸರಿ. ಆದರೆ ಒಂದಕ್ಕೊಂದು ಸಂಬಂಧ ಇತ್ತು. 1943ರ ಕೊನೆಗೆ ಟೆಹ್ರಾನ್‌ನಲ್ಲಿ ಪಶ್ಚಿಮದಿಂದ ಇವರು, ಪೂರ್ವದಿಂದ ಸೋವಿಯತ್ತರು ಒಟ್ಟಿಗೆ ಹೊಡೆಯೋಣ ಅಂತಲೇ ಮಾತಾಗಿತ್ತು. ಅದನ್ನು ಸಣ್ಣದು ಮಾಡಿ ಇದನ್ನು ದೊಡ್ಡದು ಮಾಡುವುದು ಬೇಡ, ಹಾಗೇ ಇದನ್ನೂ ಸಣ್ಣದು ಮಾಡುವುದು ಬೇಡ.

ರೈನ್‌ದಡ
ನಾನು ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ, ಹೋದ ವರ್ಷ ಮಕ್ಕಳನ್ನು ಕರೆದುಕೊಂಡು ನಾರ್ಮಂಡಿಗೆ ಹೋಗಿದ್ದೆ. ಇಲ್ಲಿ ಇನ್ನೂ ಬರದ ವಿಷಯ ಒಂದಿದೆ. ಅಲ್ಲಿಯ ಜನ. ಆ ಬೇಸಿಗೆಯಲ್ಲಿ ನಾರ್ಮಂಡಿಯ ಸುಮಾರು 20,000 ಸಾಮಾನ್ಯ ಜನ ಸತ್ತರು, ಜಾಸ್ತಿ ಜನ ತಮ್ಮನ್ನು ಬಿಡಿಸಲು ಬಂದವರ ಬಾಂಬಿಗೇ. ಕಾನ್ ಊರನ್ನು ಮೊದಲ ದಿನವೇ ಹಿಡಿಯುತ್ತೇವೆ ಅಂತ ಯೋಜನೆ ಇತ್ತು. ಅದು ಕೈಗೆ ಬಂದಿದ್ದು ಜುಲೈಯಲ್ಲಿ, ಅಷ್ಟರಲ್ಲಿ ಊರೇ ಕಲ್ಲಿನ ರಾಶಿ.

ಒಮಾಹಾದ ಮೇಲಿರುವ ಅಮೆರಿಕನ್ ಸ್ಮಶಾನದಲ್ಲಿ 9,000ಕ್ಕೂ ಹೆಚ್ಚು ಬಿಳಿ ಶಿಲುಬೆಗಳು, ನಡುನಡುವೆ ಯಹೂದಿ ನಕ್ಷತ್ರಗಳು. ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ಅಲ್ಲಿಂದ ಅರ್ಧ ಗಂಟೆ ದಾರಿಯಲ್ಲಿ ಲಾ ಕಾಂಬ್ ಅನ್ನುವ ಕಡೆ ಜರ್ಮನ್ ಸ್ಮಶಾನ, 21,000ಕ್ಕೂ ಹೆಚ್ಚು ಜನ. ಅಲ್ಲಿ ಕಪ್ಪು ಶಿಲುಬೆ, ನೆಲಕ್ಕೆ ಹಾಸಿದ ಸಣ್ಣ ಕಲ್ಲು, ಒಂದೊಂದರಲ್ಲಿ ಎರಡೆರಡು ಹೆಸರು. ನಾವು ಹೋದಾಗ ನಮ್ಮನ್ನು ಬಿಟ್ಟರೆ ಹುಲ್ಲು ಕತ್ತರಿಸುವವರು ಒಬ್ಬರೇ ಇದ್ದರು. ಕೆಲವು ಕಲ್ಲಿನಲ್ಲಿ ಹೆಸರೂ ಇಲ್ಲ, 'ಒಬ್ಬ ಜರ್ಮನ್ ಸೈನಿಕ' ಅಂತ ಮಾತ್ರ. ಹದಿನೇಳು, ಹದಿನೆಂಟರ ಹುಡುಗರೂ ಇದ್ದಾರೆ. ನನ್ನ ಮಗನಿಗೆ ಈಗ ಹದಿನಾರು. ತಾರೀಕು ಓದುತ್ತಾ ಕಳೆದು ಲೆಕ್ಕ ಹಾಕಿದವನು ಅವನೇ, ಆಮೇಲೆ ಕಾರಲ್ಲಿ ಮಾತಾಡಲಿಲ್ಲ.

ಅಳಿವೆಬಾಗಿಲು
ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಹಳೇನಕ್ಷೆ
ಎಲ್ಲವನ್ನೂ ಭಾವನಿಗೆ ಓದಿ ಹೇಳಿದೆ. ಉಬ್ಬರ ಇಳಿತದ ಲೆಕ್ಕ ಒಪ್ಪಿಕೊಂಡರು. ಆದರೆ ಒಂದು ಪ್ರಶ್ನೆ ಎಸೆದಿದ್ದಾರೆ. ಅಷ್ಟು ಲೆಕ್ಕ ಪಕ್ಕಾ ಇದ್ದರೆ, ಸೋತರೆ ಓದಲು ಐಸೆನ್‌ಹೋವರ್ ಮೊದಲೇ ಒಂದು ಚೀಟಿ ಬರೆದಿಟ್ಟುಕೊಂಡಿದ್ದು ಯಾಕೆ?

ಓದುಗ77
ಚೀಟಿ ನಿಜ. ಪಡೆಗಳನ್ನು ವಾಪಸ್ ಕರೆಸಿದ್ದೇನೆ, ಸೈನಿಕರು ಮಾಡಬೇಕಾದ್ದನ್ನೆಲ್ಲ ಮಾಡಿದರು, ತಪ್ಪೇನಾದರೂ ಇದ್ದರೆ ನನ್ನೊಬ್ಬನದು ಅಂತ ಅದರ ಅರ್ಥ. ಕೆಳಗೆ ತಾರೀಕು ಜೂನ್ 5ರ ಬದಲು ಜುಲೈ 5 ಅಂತ ಬರೆದಿದ್ದರು. ಮನುಷ್ಯ ಎಷ್ಟು ದಣಿದಿದ್ದಿರಬೇಕು ಅಂತ ಅನ್ನಿಸುತ್ತದೆ. ಲೆಕ್ಕ ಸರಿ ಇದ್ದರೂ ಅಲೆ ನಮ್ಮ ಮಾತು ಕೇಳುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಆ 27 ಟ್ಯಾಂಕುಗಳ ಒಳಗೂ ಜನ ಇದ್ದರಲ್ಲ.

ಹಳೇನಕ್ಷೆ
ಇದನ್ನೂ ಓದಿ ಹೇಳಿದೆ. 'ಹಾಗಾದರೆ ಇಬ್ಬರದೂ ಅರ್ಧರ್ಧ' ಅಂದರು. ನಾನು ಮುಕ್ಕಾಲು ಕೇಳುತ್ತಿದ್ದೇನೆ, ವಾದ ಮುಂದುವರಿಯುತ್ತದೆ.

ರೈನ್‌ದಡ ಅವರೇ, ಅಕ್ಕನ ಮಗಳು ಈಗ ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ಬರುವ ವರ್ಷ ಭಾವ, ನಾನು ಇಬ್ಬರೂ ಹೋಗುವ ಅಂತ ಇದೆ. ಮಲ್ಬರಿಯ ಪೆಟ್ಟಿಗೆಗಳು ಇನ್ನೂ ಇವೆಯಾ? ಹತ್ತಿರ ಹೋಗಿ ನೋಡಬಹುದಾ?

ರೈನ್‌ದಡ
ಇವೆ ಸರ್. ಅರೋಮಾಂಶ್ ತೀರದಲ್ಲಿ ನಿಂತರೆ ಕಡಲಲ್ಲಿ ಸಾಲಾಗಿ ಕಾಣುತ್ತವೆ, ಕೆಲವು ಮುರಿದಿವೆ. ನೀರು ಇಳಿದಾಗ ದಡಕ್ಕೆ ಹತ್ತಿರ ಇರುವ ಒಂದೆರಡರ ತನಕ ನಡೆದು ಹೋಗಬಹುದು, ಕಾಂಕ್ರೀಟಿಗೆ ಕಪ್ಪೆಚಿಪ್ಪು, ಪಾಚಿ ಮೆತ್ತಿಕೊಂಡಿದೆ. ಹೋಟೆಲಲ್ಲಿ ಆ ದಿನದ ಉಬ್ಬರ ಇಳಿತದ ಪಟ್ಟಿ ಕೇಳಿ, ಕೊಡುತ್ತಾರೆ.

ಅಳಿವೆಬಾಗಿಲು
ಪಟ್ಟಿ ನೋಡದೆ ಇಳಿಯಲೇಬೇಡಿ. ನೀರು ತಿರುಗುವ ಹೊತ್ತಿಗೆ ಮೊದಲೇ ದಡಕ್ಕೆ ಬನ್ನಿ. ಆರು ಮೀಟರ್ ಏರುವ ಕಡಲು ಅದು, ನಮ್ಮ ಮಲ್ಪೆ ಅಲ್ಲ.